ಆ ಕಾಲದ ನಗೆ ಈಗಿಲ್ಲವೇ?



"ಇದೂ ಒಂದು ಹಾಸ್ಯವೇ? ಹಾಸ್ಯ ಅಂದರೆ ನಮ್ಮ ಕಾಲದ್ದು." ಈ ಮಾತನ್ನು ನಿಮ್ಮ ಮನೆಯಲ್ಲಿ ನೀವು ಕೇಳಿರುತ್ತೀರಿ. ವಯಸ್ಸು ಅರವತ್ತು ದಾಟಿದ್ದರೆ ನೀವೇ ಆಡಿಯೂ ಇರುತ್ತೀರಿ. ಮೊಮ್ಮಗ ಮೊಬೈಲು ಹಿಡಿದು ಏನನ್ನೋ ನೋಡಿ ನಗುತ್ತಿರುತ್ತಾನೆ. ತಾತ ಇಣುಕಿ ನೋಡಿ, ನಗು ಬಾರದೆ, ಈ ಮಾತು ಹೇಳುತ್ತಾರೆ. ಅದು ನಿಜವೇ ಎಂಬುದು ಒಂದು ಪ್ರಶ್ನೆ. ಹಾಗೆ ಹೇಳುವುದು ಸರಿಯೇ ಎಂಬುದು ಇನ್ನೊಂದು. ಎರಡನ್ನೂ ಒಟ್ಟಿಗೆ ನೋಡೋಣ. ಆಧಾರಕ್ಕೆ ಒಂದು ಹಳೆಯ ಚಿತ್ರವನ್ನೇ ತೆಗೆದುಕೊಳ್ಳೋಣ.

1967ರಲ್ಲಿ 'ನಕ್ಕರೆ ಅದೇ ಸ್ವರ್ಗ' ಎಂಬ ಕನ್ನಡ ಚಿತ್ರ ಬಂತು.   ನಟಿಸಿದ್ದವರು ಹಾಸ್ಯ ಚಕ್ರವರ್ತಿ ನರಸಿಂಹರಾಜು. ಈ ನಗೆಯ ಚಿತ್ರವನ್ನು ಇಂದು ಬಲ್ಲವರು ಕಡಿಮೆ. ಬಲ್ಲವರೂ ಹೆಚ್ಚಾಗಿ ಒಂದು ಹಾಡಿನ ನೆಪದಲ್ಲಿ ನೆನೆಯುತ್ತಾರೆ. 2020ರಲ್ಲಿ ತೀರಿಕೊಂಡ ಎಸ್.ಪಿ. ಬಾಲಸುಬ್ರಹ್ಮಣ್ಯಂ ಕನ್ನಡದಲ್ಲಿ ಮೊದಲು ಹಾಡಿದ್ದು ಈ ಚಿತ್ರಕ್ಕೆ. 1966ರ ಡಿಸೆಂಬರಿನಲ್ಲಿ ತೆಲುಗಿನಲ್ಲಿ ತಮ್ಮ ಮೊಟ್ಟಮೊದಲ ಹಾಡು ಹಾಡಿ ಎಂಟೇ ದಿನಕ್ಕೆ ಅವರು ಕನ್ನಡಕ್ಕೆ ಬಂದಿದ್ದರು. ಚಿತ್ರಕ್ಕಿಂತ ಅದರ ಹಾಡಿಗೆ ಆಯುಷ್ಯ ಹೆಚ್ಚಾಯಿತು.

ಆಗ ಇಂಥ ಚಿತ್ರಗಳನ್ನು ನಮ್ಮ ಬಯಲುಸೀಮೆಯ ಜನ ನೋಡುತ್ತಿದ್ದುದು ಹೆಚ್ಚಾಗಿ ಟೆಂಟಿನಲ್ಲಿ. ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಹಿರಿಯರನ್ನು ಕೇಳಿದರೆ ಮುಖ ಅರಳುತ್ತದೆ. ಸಂಜೆ ಲೌಡ್‌ಸ್ಪೀಕರಿನಲ್ಲಿ ಘಂಟಸಾಲ ಅವರ ವೆಂಕಟೇಶನ ಹಾಡು ಹಾಕಿದರೆ ಆಟ ಶುರುವಾಗುತ್ತದೆ ಎಂದರ್ಥ. (ನಮ್ಮ ಮನೆಗಳ ಮಕ್ಕಳೂ ಆ ಹಾಡು ಕೇಳಿಯೇ ಓಡುತ್ತಿದ್ದರು. ಅದಕ್ಕೆ ಯಾವ ಗುರುಗಳೂ ಪಾಪನಿವೇದನೆ ಮಾಡಿಸಿರಲಾರರು.) ನೆಲದ ಟಿಕೆಟ್ಟಿನವರು ಮರಳನ್ನು ಗುಡ್ಡೆ ಮಾಡಿಕೊಂಡು ಎತ್ತರಕ್ಕೆ ಕೂರುವುದು, ಹಿಂದಿನವರು ಬೈಯುವುದು. ಪ್ರೊಜೆಕ್ಟರು ಒಂದೇ ಆದ್ದರಿಂದ ರೀಲು ಬದಲಾಯಿಸುವಾಗಲೆಲ್ಲ ದೀಪ ಹತ್ತುವುದು. ಮೊಳಕಾಲ್ಮೂರು ಗಡಿಯ ಊರು, ರಾಯದುರ್ಗ ಹತ್ತಿರ. ಅಲ್ಲಿಯ ಮನೆಮಾತು ಎಷ್ಟೋ ಕಡೆ ತೆಲುಗು. ಹಾಗಾಗಿ ನರಸಿಂಹರಾಜು ಅವರಿಗೆ ನಕ್ಕವರು ರೇಲಂಗಿಗೂ ನಗಬಲ್ಲವರು.

ಈಗ ಒಂದು ಮನೆಯನ್ನು ಊಹಿಸಿಕೊಳ್ಳಿ. ತಂದೆ ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿ ಶೇಂಗಾ ಮೂಟೆ ಹೊರುವವನು, ಇಲ್ಲವೇ ಮೊಳಕಾಲ್ಮೂರಿನಲ್ಲಿ ದಿನವಿಡೀ ಮಗ್ಗದ ಗುಂಡಿಯಲ್ಲಿ ಕಾಲಿಟ್ಟು ರೇಷ್ಮೆ ಸೀರೆ ನೇಯುವವನು. ಮನೆಯಲ್ಲಿ ಮಾತು ಕಡಿಮೆ, ನಗು ಅದಕ್ಕಿಂತ ಕಡಿಮೆ. ಅಂಥವನು ಒಂದು ರಾತ್ರಿ ಮಗನನ್ನು ಕರೆದುಕೊಂಡು ಟೆಂಟಿಗೆ ಹೋಗುತ್ತಾನೆ. ಪರದೆಯ ಮೇಲೆ ಆ ಸಣಕಲು ಮೈಯ, ಉಬ್ಬುಹಲ್ಲಿನ ಮನುಷ್ಯ ಬಂದು ನಿಲ್ಲುತ್ತಲೇ ತಂದೆ ಹೊಟ್ಟೆ ಹಿಡಿದುಕೊಂಡು ನಗುತ್ತಾನೆ. ಮಗ ಪರದೆ ಬಿಟ್ಟು ತಂದೆಯ ಮುಖ ನೋಡುತ್ತಾನೆ. ಅಪ್ಪನಿಗೆ ನಗಲು ಬರುತ್ತದೆ ಎಂದು ಅವನಿಗೆ ಗೊತ್ತಾದದ್ದೇ ಆವತ್ತು.

ಐವತ್ತು ಅರವತ್ತು ವರ್ಷ ಕಳೆದ ಮೇಲೆ ಆ ಮಗ 'ಅಂಥ ಚಿತ್ರ ಈಗ ಎಲ್ಲಿ ಬರುತ್ತದೆ' ಎಂದು ನಿಟ್ಟುಸಿರು ಬಿಟ್ಟರೆ ಅವನು ಕೇಳುತ್ತಿರುವುದು ಚಿತ್ರವನ್ನಲ್ಲ. ಚಿತ್ರ ಸಿಕ್ಕಿದರೂ ಅವನಿಗೆ ತೃಪ್ತಿಯಾಗದು, ಪಕ್ಕದಲ್ಲಿ ಕೂತು ನಕ್ಕವನು ಬೇಕು. ಇದನ್ನು ಬರಿಯ ಹಳೆಯದರ ಹುಚ್ಚು ಎಂದು ತಳ್ಳಿಹಾಕುವವರು ದುಡುಕುತ್ತಾರೆ ಎಂದು ನನ್ನ ಅಭಿಪ್ರಾಯ. ಸತ್ತವರ ಮೇಲಿನ ಪ್ರೀತಿ ನೂರು ವೇಷದಲ್ಲಿ ಬರುತ್ತದೆ, ಹಾಸ್ಯನಟನ ವೇಷದಲ್ಲೂ ಬರಬಹುದು.

ಈ ಹಂಬಲಕ್ಕೆ 'ನಾಸ್ಟಾಲ್ಜಿಯ' ಎಂದು ಹೆಸರಿಟ್ಟವನು ಯೋಹಾನ್ನೆಸ್ ಹೋಫರ್ ಎಂಬ ಸ್ವಿಟ್ಜರ್ಲೆಂಡಿನ ವೈದ್ಯ, 1688ರಲ್ಲಿ. ಗ್ರೀಕಿನಲ್ಲಿ ಮನೆಗೆ ಮರಳುವುದು ಮತ್ತು ನೋವು ಎಂಬ ಎರಡು ಮಾತು ಸೇರಿಸಿ ಕಟ್ಟಿದ ಪದ. ಊರು ಬಿಟ್ಟು ದೂರ ಹೋದವರು ಮನೆಯ ಚಿಂತೆಯಲ್ಲಿ ಕೊರಗುವುದನ್ನು ಅವನು ರೋಗವೆಂದೇ ಬರೆದ. ಊರಿನ ಹಂಬಲಕ್ಕೆ ಮದ್ದು ಸುಲಭ, ಬಸ್ಸು ಹತ್ತಿದರಾಯಿತು. 1967ಕ್ಕೆ ಯಾವ ಬಸ್ಸೂ ಹೋಗುವುದಿಲ್ಲ. ಹಾಗೆ ಹೋಗಲಾಗದ ಕಡೆಗೆ ನಾವು ನಮಗೆ ಬೇಕಾದ ಬಣ್ಣ ಬಳಿಯುತ್ತೇವೆ. ಪ್ರೀತಿ ಸುಳ್ಳಾಗಲು ಶುರುವಾಗುವುದು ಅಲ್ಲಿಂದಲೇ.

ಆ ವರ್ಷಗಳು ಹೇಗಿದ್ದವು? 1965 ಮತ್ತು 1966, ಸತತ ಎರಡು ವರ್ಷ ದೇಶಕ್ಕೆ ಮುಂಗಾರು ಕೈಕೊಟ್ಟಿತ್ತು. ಅಮೆರಿಕದಿಂದ ಹಡಗಿನಲ್ಲಿ ಗೋಧಿ ತರಿಸಿ ಪಡಿತರದಲ್ಲಿ ಹಂಚಿದ ಕಾಲ. ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಂತೂ ಒಳ್ಳೆಯ ವರ್ಷದಲ್ಲೂ ರಾಜ್ಯದಲ್ಲೇ ಕಡಿಮೆ ಮಳೆ ಕಾಣುವ ನೆಲ. ನೀವು ಟೆಂಟಿನಲ್ಲಿ ನಕ್ಕು ಮನೆಗೆ ಬಂದಾಗ ಮುದ್ದೆ ಬಡಿಸಿದ ತಾಯಿ ತಾನು ಉಂಡಿದ್ದಳೋ ಇಲ್ಲವೋ. 'ಆ ಕಾಲವೇ ಚೆನ್ನಾಗಿತ್ತು' ಎಂದು ಮೊಮ್ಮಕ್ಕಳ ಮುಂದೆ ಒಂದೇ ಮಾತಿನಲ್ಲಿ ಹೇಳಿಬಿಟ್ಟರೆ ಆ ತಾಯಿಯ ಹಸಿವು ಲೆಕ್ಕದಿಂದ ಬಿದ್ದುಹೋಗುತ್ತದೆ. ಸುಳ್ಳುಸಾಕ್ಷಿ ಹೇಳಬೇಡ ಎಂಬ ಎಂಟನೆಯ ಕಟ್ಟಳೆಯನ್ನು ನಾವು ನೆರೆಯವರ ವಿಷಯಕ್ಕೆ ಮಾತ್ರ ಹಚ್ಚಿಕೊಳ್ಳುತ್ತೇವೆ. ನಮ್ಮ ಬಾಲ್ಯದ ಬಗ್ಗೆಯೂ ಸುಳ್ಳುಸಾಕ್ಷಿ ಹೇಳಬಹುದು, ಅದರಿಂದಲೂ ಒಬ್ಬರಿಗೆ ಅನ್ಯಾಯವಾಗಬಹುದು.

ನಗೆಯೂ ಎಲ್ಲ ಕಡೆ ಶುದ್ಧವಾಗಿರಲಿಲ್ಲ. ಹಳೆಯ ಚಿತ್ರಗಳನ್ನು ಈಗ ಕೂತು ನೋಡಿ. ತೊದಲುವವನು, ಕಿವುಡ, ಕಪ್ಪು ಬಣ್ಣದ ಹೆಣ್ಣು, ಪೆದ್ದ ಆಳು: ಇವರು ತೆರೆಗೆ ಬಂದರೆ ಸಾಕು, ಜನ ನಗಬೇಕು ಎಂಬ ಲೆಕ್ಕ ಎಷ್ಟೋ ಚಿತ್ರಗಳಲ್ಲಿ ಕಾಣುತ್ತದೆ. ಹೆಂಡತಿಗೆ ಬಿದ್ದ ಏಟಿಗೂ ನಗು. ಇಲ್ಲಿ ಒಂದು ಭೇದ ಮಾಡಲೇಬೇಕು. ನರಸಿಂಹರಾಜು ತಮ್ಮ ಸಣಕಲು ಮೈಯನ್ನೂ ತಮ್ಮ ಹಲ್ಲನ್ನೂ ತಾವೇ ಜನರ ಮುಂದಿಟ್ಟರು. ಅವರ ಜೊತೆಗಾರ ಬಾಲಕೃಷ್ಣ ಅವರಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ, ಆದರೂ ಎದುರಿನವರ ಮಾತಿಗೆ ತಪ್ಪದೆ ಮಾತು ಕೊಟ್ಟು ಜನರನ್ನು ನಗಿಸಿದರು. ತನ್ನ ಕೊರತೆಯನ್ನು ತಾನೇ ಎತ್ತಿಕೊಟ್ಟು ನಗಿಸುವುದು ಒಂದು ಬಗೆಯ ದಾನ. ಇನ್ನೊಬ್ಬನ ಕೊರತೆಯನ್ನು ಕಿತ್ತು ನಗಿಸುವುದು ಕಳ್ಳತನ. ಟೆಂಟಿನಲ್ಲಿ ಎರಡಕ್ಕೂ ಒಂದೇ ನಗು ಕೇಳುತ್ತಿತ್ತು. ಅದೇ ಟೆಂಟಿನ ಮೂಲೆಯಲ್ಲಿ ಊರಿನ ಕಿವುಡನೂ ಕುಳಿತಿದ್ದಿರಬಹುದು.

'ಹಿಂದಿನ ದಿನಗಳು ಇಂದಿನವಕ್ಕಿಂತ ಏಕೆ ಮೇಲಾಗಿದ್ದವು' ಎಂದು ಕೇಳುವುದು ವಿವೇಕವಲ್ಲ ಎಂಬ ಅರ್ಥದ ಎಚ್ಚರಿಕೆ ಬೈಬಲಿನ ಉಪದೇಶಕ ಗ್ರಂಥದ 7ನೇ ಅಧ್ಯಾಯದಲ್ಲಿದೆ. ಎಂದಮೇಲೆ ಈ ಗೊಣಗಾಟ ಸಿನಿಮಾಕ್ಕಿಂತ ಬಹಳ ಹಳೆಯದು. ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿಗೆ ಹೋಗಿ ನೋಡಿ. 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದ ಅಶೋಕನ ಶಾಸನ ಅಲ್ಲಿಯ ಬಂಡೆಯ ಮೇಲಿದೆ. ತಂದೆತಾಯಿಗಳ ಮಾತು ಕೇಳಬೇಕು, ಜೀವಿಗಳಲ್ಲಿ ದಯೆ ಇರಬೇಕು, ಸತ್ಯ ನುಡಿಯಬೇಕು, ಗುರುವನ್ನು ಗೌರವಿಸಬೇಕು ಎಂದು ಹೇಳಿ, ಇದು ಪುರಾತನ ರೀತಿ ಎಂದು ಸೇರಿಸುತ್ತದೆ. 2,200 ವರ್ಷಗಳ ಹಿಂದೆಯೂ ಚಕ್ರವರ್ತಿಗೆ 'ಹಿಂದಿನವರು ಹೀಗಿದ್ದರು' ಎಂಬ ಆಸರೆ ಬೇಕಾಗಿತ್ತು! ಆದರೆ ಅದೇ ಪಟ್ಟಿಯಲ್ಲಿ ಸತ್ಯ ನುಡಿಯುವುದೂ ಇದೆ, ಅದನ್ನು ಮರೆಯುವಂತಿಲ್ಲ.

ಒಂದು ಹಾಸ್ಯ ಚಿತ್ರಕ್ಕೆ ಇಷ್ಟೆಲ್ಲ ಭಾರ ಹೊರಿಸಬೇಕೇ ಎಂದು ನೀವು ಕೇಳಬಹುದು. ನಗೆಯನ್ನು ಹಗುರವೆಂದು ಧರ್ಮಸಭೆ ಬದಿಗೆ ಸರಿಸಿಲ್ಲ. ಹದವಾಗಿ ನಗುವುದೂ ಒಂದು ಸದ್ಗುಣ, ತಾನೂ ನಗದೆ ಇತರರ ನಗೆಗೂ ಅಡ್ಡ ಬರುವವನಲ್ಲಿ ದೋಷವಿದೆ ಎಂಬುದು 13ನೇ ಶತಮಾನದ ಸಂತ ತೋಮಸ್ ಅಕ್ವಿನಾಸರ ವಿಚಾರ. ಸಿನಿಮಾಕ್ಕೆ ನೂರು ವರ್ಷ ತುಂಬಿದಾಗ, 1995ರಲ್ಲಿ, ವ್ಯಾಟಿಕನ್ 45 ಶ್ರೇಷ್ಠ ಚಿತ್ರಗಳ ಪಟ್ಟಿ ಮಾಡಿತು. ಅದರಲ್ಲಿ ಸಂತರ ಕಥೆಗಳ ಜೊತೆ ಚಾಪ್ಲಿನ್ನನ 'ಮಾಡರ್ನ್ ಟೈಮ್ಸ್' ಇದೆ, 1951ರ 'ದ ಲ್ಯಾವೆಂಡರ್ ಹಿಲ್ ಮಾಬ್' ಎಂಬ ಇಂಗ್ಲಿಷ್ ಹಾಸ್ಯ ಚಿತ್ರವೂ ಇದೆ. ಎರಡನೆಯದರ ಕಥೆ ಚಿನ್ನ ಕದಿಯುವ ಗುಮಾಸ್ತನದು ಎಂಬುದನ್ನು ನಮ್ಮ ಕಟ್ಟುನಿಟ್ಟಿನ ಹಿರಿಯರು ಗಮನಿಸಬೇಕು.

ನಕ್ಕರೆ ಅದೇ ಸ್ವರ್ಗವೇ? ಚಿತ್ರದ ಹೆಸರನ್ನು ಅಕ್ಷರಶಃ ಒಪ್ಪಲಾಗದು. ನಾವು ನಂಬುವ ಸ್ವರ್ಗದಲ್ಲಿ ನೆಲ, ಬೆಂಚು, ಕುರ್ಚಿ ಎಂಬ ದರ್ಜೆಗಳಿಲ್ಲ, ಯಾರನ್ನೂ ಹೊರಗಿಟ್ಟು ನಗುವಂತಿಲ್ಲ. ಆದರೂ ಮೂಟೆ ಹೊತ್ತು ದಣಿದವನು ಮಗನ ಪಕ್ಕದಲ್ಲಿ ಕೂತು ನಕ್ಕ ಆ ಕ್ಷಣಕ್ಕೆ ಅಷ್ಟು ದೊಡ್ಡ ಹೆಸರು ಕೊಟ್ಟರೆ ದೇವರು ಮುನಿಯಲಾರರು.

ಆದ್ದರಿಂದ ಹಳೆಯ ಚಿತ್ರವನ್ನು ಮೊಮ್ಮಕ್ಕಳಿಗೆ ತೋರಿಸುವುದಾದರೆ ತೋರಿಸಿ. ಅವರು ನಗದಿದ್ದರೆ ಬೇಸರ ಬೇಡ. ನಿಮ್ಮ ಪಕ್ಕದಲ್ಲಿದ್ದವರು ಅವರ ಪಕ್ಕದಲ್ಲಿಲ್ಲವಲ್ಲ. ಅವರು ನಗುವುದನ್ನು ನೀವೂ ಒಮ್ಮೆ ಕೂತು ನೋಡಿ, ಅರ್ಥವಾಗದಿದ್ದರೆ ಕೇಳಿ. ಕನ್ನಡದ ಮೊದಲ ವಾಕ್ಚಿತ್ರ, 1934ರ 'ಸತಿ ಸುಲೋಚನ', ಇಂದು ಒಂದು ಪ್ರತಿಯೂ ಉಳಿದಿಲ್ಲ. ಅದನ್ನು ನೋಡಿದವರು ಏನು ನೋಡಿದರು, ಯಾರ ಜೊತೆ ಹೋಗಿದ್ದರು ಎಂಬುದೂ ಬಹುಪಾಲು ಅವರೊಂದಿಗೇ ಮಣ್ಣಾಯಿತು. ನೀವಿನ್ನೂ ಇದ್ದೀರಿ. ಟಿಕೆಟ್ಟಿಗೆ ಕಾಸು ಎಲ್ಲಿಂದ ಬಂತು, ಯಾರು ನೆಲದಲ್ಲಿ ಕೂತರು, ಯಾರು ಕುರ್ಚಿಯಲ್ಲಿ, ಯಾವುದಕ್ಕೆ ನಕ್ಕಿರಿ, ಈಗ ನೆನೆದರೆ ಯಾವುದಕ್ಕೆ ನಗು ಬರುವುದಿಲ್ಲ, ಎಲ್ಲವನ್ನೂ ಹೇಳಿ. 'ತಾತಾ, ಆವತ್ತು ಮುತ್ತಜ್ಜಿಯೂ ಟೆಂಟಿಗೆ ಬಂದಿದ್ದರಾ?' ಎಂದು ಮೊಮ್ಮಗಳು ಕೇಳಿದರೆ, ಸ್ವಲ್ಪ ಹೊತ್ತು ಹಿಡಿದರೂ ಸರಿ, ಚೆನ್ನಾಗಿ ನೆನಪು ಮಾಡಿಕೊಂಡು ಉತ್ತರ ಕೊಡಿ.