ಪುಕ್ಕಟೆ ಪಡಸಾಲೆ

ಶ್ರೀಶೈಲಕ್ಕೆ ನಡೆದು ಹೋಗುವುದು ನಮ್ಮ ಕಡೆಯವರಿಗೆ ಹೊಸದಲ್ಲ. ಹೋಳಿಹುಣ್ಣಿಮೆಯ ಆಚೀಚೆ ಕಂಬಿ ಹೊತ್ತವರು ಹೊರಡುತ್ತಾರೆ. ಕೆಲವರು ಮರಗಾಲು ಕಟ್ಟಿಕೊಂಡೂ ನಡೆಯುತ್ತಾರೆ. ಯುಗಾದಿಗೆ ಗುಡ್ಡ ಮುಟ್ಟಬೇಕು. ಭ್ರಮರಾಂಬೆ ಕನ್ನಡಿಗರ ಮಗಳು, ಮಲ್ಲಯ್ಯ ಅಳಿಯ. ಹಬ್ಬಕ್ಕೆ ಮಗಳಿಗೆ ಸೀರೆ ಕುಬಸ ಒಯ್ಯುವುದು ತವರಿನವರ ಹೊಣೆ ಎಂಬುದು ನಂಬಿಕೆ.

ನಮ್ಮ ಲಕ್ಷ್ಮೇಶ್ವರದ ಸೋಮೇಶ್ವರನ ಕಥೆಯೂ ಒಂದು ಪ್ರಯಾಣದ ಕಥೆಯೇ. ಸೌರಾಷ್ಟ್ರದ ಸೋಮನಾಥನನ್ನು ಪುಲಿಗೆರೆಗೆ ತಂದ ಆದಯ್ಯನನ್ನು ರಾಘವಾಂಕ ಹಾಡಿದ್ದಾನೆ. ಅಷ್ಟು ದೂರದ ದಾರಿಯಲ್ಲಿ ಆದಯ್ಯ ಯಾರ ಯಾರ ಜಗಲಿಯ ಮೇಲೆ ಮಲಗಿದ ಎಂದು ಭಕ್ತರು ಕೇಳುವುದಿಲ್ಲ. ನಾನು ಈಗೀಗ ಕೇಳಿಕೊಳ್ಳುತ್ತೇನೆ. ರಾಯಚೂರಿನಲ್ಲಿ ಕಳೆದ ಒಂದು ರಾತ್ರಿಯಿಂದ ನನಗೆ ಆ ಚಾಳಿ ಹತ್ತಿದೆ.

ಅದು 2024ರ ಮಾರ್ಚ್ ಕೊನೆಯ ವಾರ. ಆ ವರ್ಷ ಯುಗಾದಿ ಏಪ್ರಿಲ್ 9ಕ್ಕೆ ಬಂದಿತ್ತು. ನಮ್ಮ ಓಣಿಯ ತಂಡ ಮೊದಲೇ ಹೊರಟು ಮುಂಡರಗಿ, ಕೊಪ್ಪಳ, ಸಿಂಧನೂರು ಹಾದು ರಾಯಚೂರಿಗೆ ಬರುವುದು. ಮೊಣಕಾಲು ಹಿಡಿದುಕೊಂಡಿದ್ದ ನಾನೂ ನನ್ನಾಕೆಯೂ ಬಸ್ಸಿನಲ್ಲಿ ಹೋಗಿ ಅಲ್ಲಿಂದ ಕೂಡಿಕೊಳ್ಳುವುದು ಎಂದು ಗೊತ್ತಾಗಿತ್ತು. ಅರ್ಧ ದಾರಿಯ ಯಾತ್ರೆಗೆ ಅರ್ಧವೇ ಪುಣ್ಯ ಎಂದು ಗೆಳೆಯರು ನಕ್ಕರು. ಬಸ್ಸಿನಲ್ಲಿ ನನ್ನದೊಂದೇ ಟಿಕೀಟಿನ ಖರ್ಚು. 2023ರ ಜೂನ್‌ನಿಂದ ಸಾರಿಗೆ ಬಸ್ಸಿನಲ್ಲಿ ಹೆಂಗಸರಿಗೆ ಪುಕ್ಕಟೆಯಷ್ಟೆ. ಪುಕ್ಕಟೆಯ ರುಚಿ ನನಗೆ ಅಲ್ಲಿಂದಲೇ ಹತ್ತಿತೋ ಏನೋ!

ರಾಯಚೂರಿನಲ್ಲಿ ಇಳಿದಾಗ ಸಂಜೆಯಾಗಿದ್ದರೂ ನೆಲ ಕಾದ ಹಂಚಿನಂತಿತ್ತು. ತಂಡ ಮರುದಿನ ಮುಂಜಾನೆ ಬರುವುದಿತ್ತು. ಒಂದು ರಾತ್ರಿಯ ಮಾತು. ಮೂರು ಲಾಡ್ಜು ಹೊಕ್ಕು ಹೊರಬಂದೆವು. ಎರಡರಲ್ಲಿ ಖೋಲಿ ಇರಲಿಲ್ಲ. ಮೂರನೆಯದರಲ್ಲಿ ಇತ್ತು, ಸಾವಿರದ ನೂರು ರೂಪಾಯಿ. ಉಳಿದ ದಿನಗಳಲ್ಲಿ ಆರುನೂರು ಎಂದು ಅವನೇ ಒಪ್ಪಿಕೊಂಡ. "ಯಾತ್ರಿಕರಿಂದ ಹಿಂಗ ಸುಲಿಯೂದು ಧರ್ಮ ಏನ್ರಿ?" ಎಂದೆ. "ಯಜಮಾನ್ರ, ನಮಗ ಸುಗ್ಗಿ ಅಂದ್ರ ಇದೊಂದ. ಮಳಿಗಾಲದಾಗ ಖೋಲಿ ಖಾಲಿ ಬೀಳ್ತಾವಲ್ಲ, ಆಗ ಯಾರರೆ ಬಂದು ನಮ್ಮ ಧರ್ಮ ಕೇಳ್ತಾರೇನ್ರಿ?" ಎಂದ. ಆಗ ಅದು ಉದ್ಧಟತನವೆನಿಸಿತು. ಈಗ ಅಷ್ಟಾಗಿ ಅನಿಸುವುದಿಲ್ಲ. ಒಕ್ಕಲಿಗನೂ ಸಂತೆಯಲ್ಲಿ ಧಾರಣೆ ಏರಿದಾಗಲೇ ಮಾಲು ಬಿಚ್ಚುತ್ತಾನೆ.

ನನ್ನ ಕಿಸೆಯಲ್ಲಿ ಹಣವಿರಲಿಲ್ಲವೆಂದಲ್ಲ. ಮೂವತ್ತು ವರ್ಷ ಸಾಲಿಯಲ್ಲಿ ಪಾಠ ಹೇಳಿ ಪೆನ್ಶನ್ ತಿನ್ನುವ ಮನುಷ್ಯ ನಾನು. ಆದರೆ ಐದುನೂರು ಹೆಚ್ಚು ಕೊಡಲು ಕೈ ಏಳಲಿಲ್ಲ. ಹತ್ತಿರದ ಒಂದು ಮಠದಲ್ಲಿ ಪಾದಯಾತ್ರಿಕರಿಗೆ ಇಳಿದುಕೊಳ್ಳಲು ಜಾಗವಿದೆಯೆಂದು ಯಾರೋ ಹೇಳಿದರು. "ಆ ರೊಕ್ಕ ಮಲ್ಲಯ್ಯನ ಹುಂಡಿಗೆ ಹಾಕೂಣು" ಎಂದೆ ನನ್ನಾಕೆಗೆ. ಜಿಪುಣತನಕ್ಕೆ ದೇವರ ಹೆಸರಿನಷ್ಟು ಒಳ್ಳೆಯ ಹೊದಿಕೆ ಇನ್ನೊಂದಿಲ್ಲ.

ಮಠದಲ್ಲಿ ಯಾವ ಊರೆಂದು ಕೇಳಿದರು; ಪಗಾರವೆಷ್ಟೆಂದು ಕೇಳಲಿಲ್ಲ. ಅನ್ನ ಸಾರು ಬಡಿಸಿದರು. ಉದ್ದನೆಯ ಪಡಸಾಲೆ, ಜಮಖಾನೆ, ನಡುವೆ ಒಂದೇ ಫ್ಯಾನು. ಬೇಗ ಬಂದವರಾದ್ದರಿಂದ ಅದರ ಕೆಳಗೇ ಕೌದಿ ಹಾಸಿದೆವು. ಒಂಬತ್ತರ ಹೊತ್ತಿಗೆ ಕಾಲಿಡಲು ಜಾಗವಿರಲಿಲ್ಲ.

ಹತ್ತೂವರೆಗೆ ಒಬ್ಬ ಮುದುಕಿ, ಎಂಟು ಹತ್ತು ವರ್ಷದ ಮೊಮ್ಮಗನ ಕೈ ಹಿಡಿದು ಬಂದಳು. ಮುಂಡರಗಿ ಕಡೆಯ ಹಳ್ಳಿಯವಳು; ಊರಿನಿಂದಲೇ ನಡೆದು ಬಂದಿದ್ದಳು. ಅಂಗಾಲಿಗೆ ಅರಿವೆ ಸುತ್ತಿದ್ದಳು. ಬಾಗಿಲಲ್ಲಿ ನಿಂತು, "ಎಪ್ಪಾ, ಹುಡುಗಗ ಒಂದೀಟು ಜಾಗಾ ಮಾಡಿಕೊಡ್ರಿ" ಎಂದಳು. ನನಗೆ ಎಚ್ಚರವಿತ್ತು. ನನ್ನ ಮಗ್ಗುಲಲ್ಲಿ ಚೀಲ ಮಲಗಿತ್ತು. ಅದನ್ನು ತಲೆಯ ಕೆಳಗೆ ಎಳೆದುಕೊಂಡಿದ್ದರೆ ಹುಡುಗನಿಗೆ ಸಾಕಾಗುತ್ತಿತ್ತು. ನಾನು ಕಣ್ಣು ಬಿಗಿಯಾಗಿ ಮುಚ್ಚಿಕೊಂಡೆ. ಉಸಿರನ್ನು ಉದ್ದಕ್ಕೆ ಎಳೆದು ಬಿಟ್ಟೆ, ನಿದ್ದೆ ಹತ್ತಿದವರ ಹಾಗೆ. ಯಾರಾದರೂ ಸರಿಯುತ್ತಾರೆ ಎಂದುಕೊಂಡೆ. ಸರಿದವಳು ನನ್ನಾಕೆ. ತನ್ನ ಕೌದಿಯನ್ನು ಅವರಿಬ್ಬರಿಗೆ ಬಿಟ್ಟು, ಗೋಡೆಗೆ ಒರಗಿ ಬೆಳತನಕ ಕುಳಿತಳು.

ಮುಂಜಾನೆ ಅವಳು ಹೇಳಿದ್ದು ಒಂದೇ ಮಾತು: "ನಿಮಗ ಛಲೋ ನಿದ್ದಿ ಹತ್ತಿತ್ತು ಬಿಡ್ರಿ."

ಮುಂದಿನ ದಾರಿಯುದ್ದಕ್ಕೂ ಇದನ್ನೇ ಮೆಲುಕು ಹಾಕಿದೆ. ಉಳ್ಳವನು ಪುಕ್ಕಟೆ ಜಾಗದಲ್ಲಿ ಮಲಗುವುದು ಇಲ್ಲದವನದನ್ನು ಕದ್ದಂತೆಯೇ? ಮೊದಲು ಹಾಗೆನ್ನಿಸಿತು. ಸಾವಿರದ ನೂರು ಕೊಟ್ಟಿದ್ದರೆ ಆ ಮುದುಕಿಗೆ ಇಬ್ಬರ ಜಾಗ ಸಿಗುತ್ತಿತ್ತು; ಲೆಕ್ಕ ಸರಳ. ಆದರೆ ಉಳ್ಳವರೆಲ್ಲ ಲಾಡ್ಜಿಗೆ ಹೋದರೆ ಮಠದ ಪಡಸಾಲೆ ಬಡವರ ಕೊಟ್ಟಿಗೆಯಾಗುತ್ತದೆ. ಬಸವಣ್ಣನವರ ದಾಸೋಹ ಬಡವರಿಗೆ ಹಾಕುವ ಭಿಕ್ಷೆಯಲ್ಲ; ಒಂದೇ ಪಂಕ್ತಿಯಲ್ಲಿ ಎಲ್ಲರೂ ಕೂಡುವುದು ಅದರ ಜೀವ. ನಮ್ಮ ಕಡೆಯ ಶಾಸನಗಳಲ್ಲಿ ಅರಸರು, ಸೆಟ್ಟಿಗಳು ಸತ್ರಕ್ಕೆ, ಆಹಾರದಾನಕ್ಕೆ ಭೂಮಿ ಬಿಟ್ಟದ್ದು ಓದುತ್ತೇವೆ. ಬಂದವನ ಗಂಟು ಬಿಚ್ಚಿ ನೋಡಿ ಉಣ್ಣಿಸಿರೆಂದು ಅಲ್ಲಿ ಬರೆಸಿದ್ದನ್ನು ನಾನು ಕಂಡಿಲ್ಲ. ಹಾಗಾಗಿ ಅಲ್ಲಿ ಮಲಗಿದ್ದು ನನ್ನ ತಪ್ಪಲ್ಲ ಎಂದು ಎರಡನೆಯ ದಿನ ತೀರ್ಮಾನಿಸಿ ಹಗುರಾದೆ. ಮೂರನೆಯ ದಿನ ಆ ಹಗುರವೂ ಹೋಯಿತು. ಪಂಕ್ತಿ ಎಂದಮೇಲೆ ಹಿಂದೆ ಬಂದವನಿಗಾಗಿ ಸರಿಯಬೇಕಲ್ಲ! ಲಾಡ್ಜಿನ ಖೋಲಿಗೆ ಚಿಲಕ ಹಾಕಿಕೊಳ್ಳುವ ಹಕ್ಕಿರುತ್ತದೆ. ನಾನು ಪುಕ್ಕಟೆ ಪಡಸಾಲೆಗೆ ಆ ಚಿಲಕವನ್ನೂ ಒಯ್ದಿದ್ದೆ.

ದಾರಿಯಲ್ಲಿ ತೆಲುಗು ಹಳ್ಳಿಗಳವರು ನಿಲ್ಲಿಸಿ ನಿಲ್ಲಿಸಿ ಮಜ್ಜಿಗೆ ಕೊಟ್ಟರು. ಭಾಷೆ ಬರದಿದ್ದರೂ ಕೈಸನ್ನೆಯಲ್ಲಿ ಉಪಚಾರ. ಪ್ರತಿ ಲೋಟಕ್ಕೂ ನನ್ನಾಕೆ ಕೈಮುಗಿದಳು. ನನಗೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ದುಡ್ಡು ಕೊಟ್ಟು ಕೊಳ್ಳುವುದಕ್ಕಿಂತ ಇಸಿದುಕೊಳ್ಳುವುದು ಕಷ್ಟದ ವಿದ್ಯೆ.

ಆತ್ಮಕೂರು ದಾಟಿ ವೆಂಕಟಾಪುರದಿಂದ ನಲ್ಲಮಲದ ಅಡವಿ ಹೊಕ್ಕೆವು. ನಾಗಲೂಟಿ ಹಾದು ಪೆಚ್ಚೆರುವು ಮುಟ್ಟಿದಾಗ ಕತ್ತಲಾಗಿತ್ತು. ಅಲ್ಲಿ ಖೋಲಿಯ ಮಾತೇ ಇಲ್ಲ. ಮರದ ಕೆಳಗೆ ನೆಲವೇ ಎಲ್ಲರಿಗೂ. ಒಳ್ಳೆಯ ಜಾಗವೆಲ್ಲ ಮೊದಲು ಬಂದವರು ಹಿಡಿದಿದ್ದರು. ನಾನು ಕಲ್ಲಿನ ನಡುವೆ ತಡಕಾಡುತ್ತಿದ್ದೆ.

"ಮಾಸ್ತರ, ಇಲ್ಲಿ ಬರ್ರಿ. ಅಕ್ಕಾರನ್ನೂ ಕರೀರಿ. ಜಾಗಾ ಐತಿ."

ಅದೇ ಮುದುಕಿ. ಹುಡುಗನನ್ನು ಮಡಿಲಿಗೆ ಎಳೆದುಕೊಂಡು, ತನ್ನ ಚಾದರದ ಅರ್ಧವನ್ನು ಕೈಯಿಂದ ಒರೆಸಿ ಬಿಟ್ಟಳು. ನಾನು ಮಾಸ್ತರನೆಂದು ಅವಳಿಗೆ ಹೇಳಿದ್ದು ನನ್ನಾಕೆಯೇ ಇರಬೇಕು. ಇನ್ನೇನು ಹೇಳಿದ್ದಳೋ ತಿಳಿಯದು, ಕೇಳುವ ಧೈರ್ಯವಾಗಲಿಲ್ಲ. ಅಂಚಿನಲ್ಲಿ ಮಲಗಿದೆ. ನಿದ್ದೆ ಬರಲಿಲ್ಲ. ನಡುರಾತ್ರಿಯಲ್ಲಿ ಹುಡುಗ ಮಗ್ಗುಲು ಬದಲಿಸಿ ತನ್ನ ಕಾಲನ್ನು ನನ್ನ ಹೊಟ್ಟೆಯ ಮೇಲೆ ಹಾಕಿದ. ನಾನು ಅಲುಗಾಡದೆ ಬಿದ್ದುಕೊಂಡೆ.