ಹಠದ ಕೂಸು, ಯಾರ ಕರ್ಮ?

ಹಾವೇರಿ ಜಿಲ್ಲೆ ಹಿರೇಕೆರೂರು ತಾಲೂಕಿನ ಅಬಲೂರು ಎಂದೊಡನೆ ಎರಡು ಹೆಸರು ನೆನಪಾಗುತ್ತವೆ. ತನ್ನ ತಲೆಯನ್ನೇ ಪಣಕ್ಕಿಟ್ಟನೆಂದು ಅಲ್ಲಿನ ಸೋಮೇಶ್ವರ ಗುಡಿಯ ಶಾಸನ ಹೇಳುವ ಏಕಾಂತದ ರಾಮಯ್ಯ ಒಬ್ಬ. ಇನ್ನೊಬ್ಬ ಸರ್ವಜ್ಞ. ಐತಿಹ್ಯದ ಪ್ರಕಾರ ಮಾಸೂರಿನ ಬಸವರಸ ಸರ್ವಜ್ಞನ ತಂದೆ, ಅಬಲೂರಿನ ಕುಂಬಾರ ಮನೆತನದ ಮಾಳಿ ತಾಯಿ. ಹುಡುಗ ಬಲು ಚುರುಕು, ಮಾತು ಖಡಕ್ಕು. ಯಾರ ಮಗ ನೀನು ಎಂದು ಕೇಳಿದರೆ ಶಿವನ ಮಗ ಎಂದ. ಹೆತ್ತವರು ಸಿಟ್ಟಾದರು, ಹುಡುಗ ಮನೆ ಬಿಟ್ಟ. 1924ರಲ್ಲಿ ಉತ್ತಂಗಿ ಚನ್ನಪ್ಪನವರು ಸರ್ವಜ್ಞನ ವಚನಗಳನ್ನು ಸಂಪಾದಿಸಿ ಪ್ರಕಟಿಸಿದರು. ಸರ್ವಜ್ಞನ ಹುಟ್ಟಿನ ಕತೆ ಹೇಳುವ ಪದ್ಯಗಳು ಅವನ ಕಾಲದ ನಂತರ ಸೇರಿಕೊಂಡವು ಎನ್ನುವ ವಿದ್ವಾಂಸರಿದ್ದಾರೆ. ಇರಲಿ. ಕತೆಯನ್ನು ಕತೆಯೆಂದೇ ಇಟ್ಟುಕೊಂಡರೂ ಅದರಲ್ಲಿ ಯಾರೂ ಕೇಳದ ಪ್ರಶ್ನೆಯೊಂದು ಉಳಿದಿದೆ. ಮನೆಬಿಟ್ಟ ಮಗನನ್ನು ನಾಡು ಕೊಂಡಾಡಿತು. ಎದುರುತ್ತರ ಕೊಟ್ಟ ಮಗುವಿನ ಮುಂದೆ ಆ ತಂದೆತಾಯಿ ಏನು ಮಾಡಬೇಕಿತ್ತು?

ಈ ಪ್ರಶ್ನೆ ಇಂದಿಗೂ ಮನೆಮನೆಯಲ್ಲಿದೆ. ಮೂರು ವರ್ಷದ ಕೂಸು ಊಟದ ತಟ್ಟೆ ಎಸೆಯುತ್ತದೆ, ನಾಲ್ಕು ವರ್ಷದ್ದು ತಂಗಿಯನ್ನು ಕಚ್ಚುತ್ತದೆ, ಐದು ವರ್ಷದ್ದು ಅಂಗನವಾಡಿಯಲ್ಲಿ ಯಾರ ಮಾತನ್ನೂ ಕೇಳುವುದಿಲ್ಲ. ಮೊದಲು ದೃಷ್ಟಿ ತೆಗೆಯುತ್ತಾರೆ. ಬಳಿಕ ಮಠಕ್ಕೊಯ್ದು ಅಂಗಾರ ಹಚ್ಚಿಸುತ್ತಾರೆ, ತಾಯತ ಕಟ್ಟಿಸುತ್ತಾರೆ. ಯಾವುದಕ್ಕೂ ಬಗ್ಗದಿದ್ದರೆ, ‘ಯಾವ ಜನ್ಮದ ಕರ್ಮಾನೋ ಏನೋ, ನಮ್ಮ ಹೊಟ್ಟ್ಯಾಗ ಹುಟ್ಟೇತಿ’ ಎಂದು ತಾಯಿ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾಳೆ. ಪಡಸಾಲೆಯಲ್ಲಿ ಕುಳಿತ ಹಿರಿಯರ ತೀರ್ಪು ಬೇರೆ: ‘ಅವ್ವನ ಸಲಿಗಿ ಜಾಸ್ತಿ ಆತು, ಅದಕ ಹಿಂಗ.’ ಒಂದು ಮಾತು ಹೊರೆಯನ್ನು ಹಿಂದಿನ ಜನ್ಮಕ್ಕೆ ಹೊರಿಸುತ್ತದೆ, ಇನ್ನೊಂದು ತಾಯಿಯ ತಲೆಗೆ ಕಟ್ಟುತ್ತದೆ. ನಾಳೆ ಬೆಳಿಗ್ಗೆ ಮಗು ಮತ್ತೆ ತಟ್ಟೆ ಎಸೆದಾಗ ಏನು ಮಾಡಬೇಕೆಂದು ಎರಡೂ ಹೇಳುವುದಿಲ್ಲ.

ತಾಯಿಯ ತಲೆಗೆ ಕಟ್ಟುವ ಚಾಳಿ ನಮ್ಮಲ್ಲಿ ಮಾತ್ರ ಇದ್ದದ್ದಲ್ಲ. ಅಮೆರಿಕದ ಮನೋವಿಜ್ಞಾನಿ ಬ್ರೂನೋ ಬೆಟಲ್‌ಹೈಮ್ 1967ರಲ್ಲಿ ಪುಸ್ತಕವನ್ನೇ ಬರೆದು, ಆಟಿಸಂ ಎಂಬ ಬೆಳವಣಿಗೆಯ ತೊಂದರೆಗೆ ಹೆತ್ತವರ ಪ್ರೀತಿಯಿಲ್ಲದ ನಡವಳಿಕೆಯೇ ಕಾರಣವೆಂದು ಸಾರಿದ. ಆ ವಾದ ಸುಳ್ಳೆಂದು ರುಜುವಾಗುವಷ್ಟರಲ್ಲಿ ಎಷ್ಟೋ ತಾಯಂದಿರು ಆ ಅಪವಾದ ಹೊತ್ತು ನವೆದಿದ್ದರು. ಆಗ ನಾರ್ತ್ ಕೆರೊಲಿನಾದ ಎರಿಕ್ ಶಾಪ್ಲರ್ ತಂದೆತಾಯಿಯನ್ನು ಅಪರಾಧಿಗಳ ಸಾಲಿನಿಂದ ಎಬ್ಬಿಸಿ, ಚಿಕಿತ್ಸೆಯಲ್ಲಿ ತನ್ನ ಪಕ್ಕಕ್ಕೆ ಕೂರಿಸಿಕೊಂಡ. ಅದಕ್ಕೂ ಮುಂಚೆ, 1950ರ ದಶಕದಲ್ಲೇ, ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಆವರಣದೊಳಗೆ ಡೇರೆ ಹಾಕಿಸಿ ರೋಗಿಯ ಜೊತೆ ಮನೆಯವರನ್ನೂ ಉಳಿಸಿಕೊಂಡಿದ್ದರು. ಮನೆಯವರೇ ಅರ್ಧ ವೈದ್ಯರು ಎಂಬ ತಿಳಿವಳಿಕೆ ಈ ನೆಲದಲ್ಲಿ ಆಗಲೇ ಇತ್ತು.

ಹಠದ ಮಗುವಿನ ಚಿಕಿತ್ಸೆಯನ್ನು ಪಾಲಕರಿಂದ ಶುರುಮಾಡುವ ಪದ್ಧತಿ ಬೆಳೆದದ್ದು ಹೆಚ್ಚಾಗಿ ಅಮೆರಿಕದ ಓರೆಗಾನ್‌ನಲ್ಲಿ. ಅಲ್ಲಿ ಜೆರಾಲ್ಡ್ ಪ್ಯಾಟರ್ಸನ್ ಮನೆಗಳಿಗೇ ಹೋಗಿ, ತಾಯಿ ಮಗು ಕ್ಷಣಕ್ಷಣಕ್ಕೂ ಹೇಗೆ ನಡೆದುಕೊಳ್ಳುತ್ತಾರೆಂದು ಬರೆದಿಟ್ಟುಕೊಂಡ. ಅವನು ಕಂಡದ್ದನ್ನು ನಮ್ಮ ಯಾವುದೇ ಕಿರಾಣಿ ಅಂಗಡಿಯ ಮುಂದೆ ನೋಡಬಹುದು. ಮಗು ಕುರ್ಕುರೆ ಬೇಕು ಅನ್ನುತ್ತದೆ. ತಾಯಿ ಬ್ಯಾಡ ಅನ್ನುತ್ತಾಳೆ. ಮಗು ಚೀರುತ್ತದೆ. ‘ಗುಮ್ಮ ಬರ್ತಾನ ನೋಡು, ಇಂಜೆಕ್ಷನ್ ಮಾಡಸ್ತೀನಿ’ ಎಂದು ತಾಯಿ ಹೆದರಿಸುತ್ತಾಳೆ. ಮಗು ನೆಲಕ್ಕೆ ಬಿದ್ದು ಉರುಳಾಡುತ್ತದೆ. ಬೆನ್ನಿಗೊಂದು ಗುದ್ದು ಬೀಳುತ್ತದೆ, ಚೀರಾಟ ಇಮ್ಮಡಿಯಾಗುತ್ತದೆ. ನಾಲ್ಕು ಜನ ತಿರುಗಿ ನೋಡುತ್ತಾರೆ. ಮಾನ ಹೋದಂತಾಗಿ ತಾಯಿ ಪೊಟ್ಟಣ ಕೊಡಿಸುತ್ತಾಳೆ. ಗಪ್ಪನೆ ಮೌನ. ಆ ಹೊತ್ತಿನಲ್ಲಿ ಇಬ್ಬರೂ ಪಾಠ ಕಲಿತರು. ಜೋರಾಗಿ ಚೀರಿದರೆ ಸಿಗುತ್ತದೆ ಎಂದು ಮಗು ಕಲಿಯಿತು, ಕೊಟ್ಟರೆ ಸುಮ್ಮನಾಗುತ್ತದೆ ಎಂದು ತಾಯಿ ಕಲಿತಳು. ಮಾರನೆಯ ಸಲ ಚೀರಾಟವೂ ಹೆಚ್ಚು, ಗುದ್ದೂ ಹೆಚ್ಚು. ಇದರಲ್ಲಿ ಕೆಟ್ಟ ಮಗುವೂ ಇಲ್ಲ, ಕೆಟ್ಟ ತಾಯಿಯೂ ಇಲ್ಲ. ಇಬ್ಬರನ್ನೂ ಹಿಡಿದಿಟ್ಟ ಒಂದು ರೂಢಿ ಇದೆ, ಅಷ್ಟೆ.

ಆ ರೂಢಿಯನ್ನು ಮುರಿಯುವುದು ದೊಡ್ಡವರ ಕೈಯಲ್ಲಿದೆ. ಅಮೆರಿಕದ ಮನೋವಿಜ್ಞಾನಿ ಶೀಲಾ ಐಬರ್ಗ್ 1970ರ ದಶಕದಲ್ಲಿ ರೂಪಿಸಿದ ಚಿಕಿತ್ಸೆಯಲ್ಲಿ, ಎರಡರಿಂದ ಏಳು ವರ್ಷದೊಳಗಿನ ಮಗುವಿನೊಡನೆ ತಾಯಿ ಅಥವಾ ತಂದೆ ಕೋಣೆಯಲ್ಲಿ ಆಡುತ್ತಾರೆ. ಗಾಜಿನಾಚೆ ಕುಳಿತ ಚಿಕಿತ್ಸಕರು ಪಾಲಕರ ಕಿವಿಯಲ್ಲಿನ ಇಯರ್‌ಫೋನಿಗೆ ಸಲಹೆ ಕೊಡುತ್ತಾರೆ. ಮೊದಲ ಹಂತ ಬರೀ ಆಟ. ಆಗ ಪ್ರಶ್ನೆ ಕೇಳುವಂತಿಲ್ಲ, ಅಪ್ಪಣೆ ಮಾಡುವಂತಿಲ್ಲ, ಹಳಿಯುವಂತಿಲ್ಲ. ಮಗು ಮಾಡುವುದನ್ನು ನೋಡಿ ಹೇಳಬೇಕು, ಒಳ್ಳೆಯದು ಕಂಡೊಡನೆ ಹೆಸರಿಟ್ಟು ಮೆಚ್ಚಬೇಕು. ಬರೀ ‘ಶಾಣ್ಯಾ’ ಸಾಲದು. ‘ಚಪ್ಪಲಿ ಸಾಲಾಗಿ ಇಟ್ಟಿ, ಭಾಳ ಚೊಲೋ ಆತು’ ಅನ್ನಬೇಕು. ಮನೆಯಲ್ಲೂ ದಿನಕ್ಕೆ ಐದು ನಿಮಿಷ ಇದು ನಡೆಯಬೇಕು. ಎರಡನೆಯ ಹಂತದಲ್ಲಿ ಚಿಕ್ಕ, ಸ್ಪಷ್ಟ ಅಪ್ಪಣೆ, ಕೇಳದಿದ್ದರೆ ಮೊದಲೇ ತಿಳಿಸಿದ ಸಣ್ಣ ಪರಿಣಾಮ, ಅದೂ ಪ್ರತಿಸಲ, ಸಿಟ್ಟಿಲ್ಲದೆ. ಕೆಲವೇ ನಿಮಿಷ ಒಂದೆಡೆ ಸುಮ್ಮನೆ ಕೂರಿಸುವುದು ಇದರಲ್ಲಿ ಸೇರುತ್ತದೆ. ಕತ್ತಲೆ ಕೋಣೆಗೆ ಹಾಕಿ ಚಿಲಕ ಹಾಕುವುದು ಸೇರುವುದಿಲ್ಲ. ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಇರುವ ನಾಲ್ಕೈದು ವರ್ಷದ ಮಕ್ಕಳಿಗೂ ಮಾತ್ರೆಗಿಂತ ಮೊದಲು ಪಾಲಕರ ತರಬೇತಿಯೇ ಆಗಬೇಕೆಂದು ಅಮೆರಿಕದ ಮಕ್ಕಳ ವೈದ್ಯರ ಸಂಘ ಹೇಳಿದೆ.

ಇಲ್ಲಿ ಧರ್ಮದ ಪ್ರಶ್ನೆ ಏಳುತ್ತದೆ. ಶಿಕ್ಷಿಸುವ ಹಕ್ಕು ಹೆತ್ತವರದೆಂದು ಶಾಸ್ತ್ರಗಳೇ ಹೇಳಿವೆಯಲ್ಲ? ಹೇಳಿರುವುದು ನಿಜ. ತಪ್ಪು ಮಾಡಿದ ಮಗನನ್ನು ಹಗ್ಗದಿಂದಲೋ ಬಿದಿರಿನ ಸೀಳಿನಿಂದಲೋ ಹೊಡೆಯಬಹುದೆಂದು ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿದೆ. ಚಾಣಕ್ಯನ ಹೆಸರಿನಲ್ಲಿರುವ ಸುಭಾಷಿತ ಐದು ವರ್ಷ ಮುದ್ದಿಗೆ, ಮುಂದಿನ ಹತ್ತು ವರ್ಷ ಹೊಡೆತಕ್ಕೆ ಎಂದು ಪಾಲು ಹಂಚುತ್ತದೆ. ಬೈಬಲ್ಲಿನ ಜ್ಞಾನೋಕ್ತಿಗಳಲ್ಲೂ ಬೆತ್ತವಿದೆ. ಉತ್ತರ ಕರ್ನಾಟಕದ ಶಾಲೆಗಳಲ್ಲಿ ‘ಛಡಿ ಛಂ ಛಂ, ವಿದ್ಯಾ ಘಂ ಘಂ’ ಎಂಬುದು ತಲೆತಲಾಂತರ ನಡೆದು ಬಂತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಶಾಲೆಯ ಛಡಿಗೆ ತಡೆ ಹಾಕಿತು. ಮನೆಯ ಛಡಿ ಹಾಗೇ ಉಳಿಯಿತು.

ಆದರೆ ಇದೇ ಸೀಮೆಯ ಶರಣಧರ್ಮ ಬೇರೆ ದಾರಿ ತೋರಿಸುತ್ತದೆ. ಲಿಂಗಾಯತರ ಮನೆಗಳಲ್ಲಿ ಕೂಸು ಹುಟ್ಟಿದ ಕೆಲವೇ ದಿನಕ್ಕೆ ಅಯ್ಯನವರು ಬಂದು ಲಿಂಗಧಾರಣೆ ಮಾಡುವ ಪದ್ಧತಿಯಿದೆ. ಇನ್ನೂ ಕತ್ತು ನಿಲ್ಲದ ಕೂಸು ಅದು. ಜಾಣತನ ತೋರಿಲ್ಲ, ಹೇಳಿದ ಮಾತು ಕೇಳಿಲ್ಲ. ಲಿಂಗಕ್ಕೆ ತಕ್ಕವನೆಂದು ಏನನ್ನೂ ಮಾಡಿ ತೋರಿಸದೆ ಅದು ಲಿಂಗವಂತ. ಹಾಗಾದರೆ ಮೂರು ವರ್ಷದ ನಂತರ ಅದೇ ಮೈಮೇಲೆ ಏಳುವ ಕೈ ಯಾರ ಮೇಲೆ ಏಳುತ್ತದೆ? ಭಕ್ತನಾದವನಿಗೆ ಪೂರ್ವಾಶ್ರಯವಿಲ್ಲ, ಹಿಂದಿನದ್ದೇನೂ ಅವನಿಗೆ ಅಂಟುವುದಿಲ್ಲ ಎಂಬುದೂ ಶರಣರ ನಿಲುವೇ. ಅದನ್ನು ನಂಬಿದ ಮನೆಯಲ್ಲಿ ಕೂಸಿನ ಹಠಕ್ಕೆ ಹಿಂದಿನ ಜನ್ಮದ ಲೆಕ್ಕ ತೆಗೆಯುವುದು ಸಲ್ಲದು. ಲೋಕವನ್ನು ತಿದ್ದಹೊರಟವರಿಗೆ ಮೊದಲು ನಿಮ್ಮ ತನುಮನವನ್ನು ನೋಡಿಕೊಳ್ಳಿ ಎಂದ ಬಸವಣ್ಣನ ಮಾತಂತೂ ಎಲ್ಲರಿಗೂ ಬಾಯಿಪಾಠ. ಪಾಲಕರಿಂದ ಶುರುವಾಗುವ ಚಿಕಿತ್ಸೆ ಕೇಳುವುದು ಅದನ್ನೇ, ಅದೂ ದಿನಕ್ಕೆ ಐದು ನಿಮಿಷದ ಮಟ್ಟಿಗೆ.

ತಿದ್ದಿಕೊಳ್ಳಿ ಎಂದರೆ ತಪ್ಪು ನಿಮ್ಮದೇ ಎಂದಂತಾಗುವುದಿಲ್ಲವೇ ಎಂದು ತಾಯಂದಿರು ಕೇಳುವುದು ಸಹಜ. ಆಗುವುದಿಲ್ಲ. ಕೆಲವು ಮಕ್ಕಳು ಹುಟ್ಟಿನಿಂದಲೇ ಬಿರುಸು. ನ್ಯೂಯಾರ್ಕಿನಲ್ಲಿ ಥಾಮಸ್ ಮತ್ತು ಚೆಸ್ ದಂಪತಿ 1956ರಿಂದ ಮಕ್ಕಳ ಬೆಳವಣಿಗೆಯನ್ನು ವರ್ಷಗಟ್ಟಲೆ ನೋಡುತ್ತ ಬಂದು ಇದನ್ನು ತೋರಿಸಿದರು. ಆ ಸ್ವಭಾವಕ್ಕೂ ಮನೆಯ ರೀತಿಗೂ ಹೊಂದಾಣಿಕೆ ಆದರೆ ಮಗು ನೆಟ್ಟಗೆ ಬೆಳೆಯುತ್ತದೆ. ಇನ್ನು ಕೆಲವು ಮಕ್ಕಳಿಗೆ ಕಿವಿಯೇ ಕೇಳುತ್ತಿರುವುದಿಲ್ಲ. ಕರೆದರೆ ತಿರುಗುವುದಿಲ್ಲವೆಂದು ಹೊಡೆತ ತಿನ್ನುತ್ತವೆ. ಆದ್ದರಿಂದ ಕಿವಿ, ಮಾತು, ಬೆಳವಣಿಗೆಯ ತಪಾಸಣೆ ಮೊದಲು. ಕಾರಣ ಯಾವುದೇ ಇರಲಿ, ಮೂರು ವರ್ಷದ ಮಗುವಿಗಿಂತ ಮೂವತ್ತು ವರ್ಷದ ತಂದೆ ತನ್ನ ನಡೆಯನ್ನು ಬೇಗ ಬದಲಿಸಬಲ್ಲ. ಹೊಣೆ ದೊಡ್ಡವರ ಮೇಲೆ ಬರುವುದು ಅದಕ್ಕೆ.

ನಿಮ್ಹಾನ್ಸ್‌ನ ಡಾ. ಶೋಭಾ ಶ್ರೀನಾಥ್ ಮತ್ತು ಸಂಗಡಿಗರು ಬೆಂಗಳೂರಿನ ನಗರ, ಗ್ರಾಮಾಂತರ ಭಾಗಗಳಲ್ಲಿ ನಡೆಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 16 ವರ್ಷದವರೆಗಿನ ಮಕ್ಕಳಲ್ಲಿ ಶೇ 12.5ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಕಂಡಿತ್ತು. ಎಂಟಕ್ಕೊಂದು ಮಗು. ಹಿರೇಕೆರೂರಿನ ಕಡೆಯವರಿಗೆ ಹತ್ತಿರದಲ್ಲಿರುವ ದೊಡ್ಡ ಮಾನಸಿಕ ಆರೋಗ್ಯ ಸಂಸ್ಥೆ ಧಾರವಾಡದ ಡಿಮ್ಹಾನ್ಸ್. ‘ಹುಚ್ಚರ ದವಾಖಾನಿ’ ಎಂಬ ಹಳೆಯ ಹೆಸರಿಗೆ ಅಂಜಿ ಅಲ್ಲಿಗೆ ಮಗುವನ್ನು ಒಯ್ಯದವರು ಇದ್ದಾರೆ. ಆ ಅಂಜಿಕೆಯಲ್ಲಿ ಕಳೆದುಹೋಗುವುದು ಚಿಕಿತ್ಸೆ ಸುಲಭವಾಗಿ ಫಲಿಸುವ ವಯಸ್ಸು.

ದೂರ ಹೋಗಲಾಗದವರಿಗೂ ದಾರಿಯಿದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರಬೇಕು. ಬಂದಾಗ ಮಗುವಿನ ತೂಕದ ಜೊತೆ ಹಠದ ಮಾತನ್ನೂ ಎತ್ತಬೇಕು. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ಅದಕ್ಕೆ ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಡಾಕ್ಟರ ಹತ್ತಿರ ಹೋಗುವಾಗ ತಾಯಿಯೊಬ್ಬಳನ್ನೇ ಕಳಿಸಬೇಡಿ. ಅಪ್ಪ ಬಿಡುವು ಮಾಡಿಕೊಂಡು ಹೋಗಲಿ. ಅವ್ವ ಬ್ಯಾಡ ಅಂದದ್ದನ್ನು ಹಿತ್ತಲಲ್ಲಿ ಕರೆದು ಕೊಡುವ ಅಜ್ಜಿಯನ್ನೂ ಜೊತೆಗೆ ಕರೆದೊಯ್ಯಿರಿ.