ಬೀದಿಯಲ್ಲಿ ನಿಂತ ಮನೆ

ಬೀದಿ ಯಾರದು? ಮೇಲುನೋಟಕ್ಕೆ ಈ ಪ್ರಶ್ನೆ ಪುರಸಭೆಯ ಗುಮಾಸ್ತರಿಗೆ ಸೇರಿದ್ದೆಂದು ತೋರಬಹುದು. ಆದರೆ ಸ್ವಲ್ಪ ಒಳಹೊಕ್ಕು ನೋಡಿದರೆ ಅದು ಧರ್ಮವಿಚಾರದ ಪ್ರಶ್ನೆಯೇ ಸರಿ. ಎಲ್ಲರಿಗೂ ಸೇರಿದ ವಸ್ತುವಿನಲ್ಲಿ ಒಬ್ಬನು ಎಷ್ಟನ್ನು, ಎಷ್ಟು ಹೊತ್ತು, ಯಾವ ಮನಸ್ಸಿನಿಂದ ಬಳಸಿಕೊಳ್ಳಬಹುದು? ಬೆಲೆ ಕೊಟ್ಟಮಾತ್ರಕ್ಕೆ ಅವನು ಋಣಮುಕ್ತನಾಗುವನೆ? ಇಂಗ್ಲೆಂಡಿನಲ್ಲಿ ನಡೆದ ಒಂದು ಸಣ್ಣ ಪ್ರಸಂಗವು ಈ ಪ್ರಶ್ನೆಗಳನ್ನು ನನ್ನ ಮುಂದೆ ತಂದು ನಿಲ್ಲಿಸಿತು. ಅದನ್ನು ಮೊದಲು ಹೇಳಿ, ಆಮೇಲೆ ವಿಚಾರಕ್ಕೆ ಬರುತ್ತೇನೆ.

ಆ ದೇಶದಲ್ಲಿ ನೆಲಸಿರುವ ನನ್ನ ಸೋದರಳಿಯನು ಬೇಸಗೆಯ ರಜೆಗೆಂದು ಒಂದು ಮೋಟಾರ್ ಹೋಮನ್ನು ಬಾಡಿಗೆಗೆ ತಂದಿದ್ದನು. ಹೆಸರೇ ಹೇಳುವಂತೆ ಅದು ಮೋಟಾರಿನ ಮೇಲೆ ಕಟ್ಟಿದ ಮನೆ. ಮಲಗಲು ಮಂಚ, ಅಡಿಗೆಗೆ ಒಲೆ, ನೀರಿನ ತೊಟ್ಟಿ, ಶೌಚದ ಕೋಣೆ ಎಲ್ಲವೂ ಉಂಟು. ನಮ್ಮ ಮಾತಿನಲ್ಲಿ ಮನೆಗಾಡಿ ಎನ್ನೋಣ. ಹಳ್ಳಿಗಾಡಿನಲ್ಲಿ ಅದರಂಥ ಸುಖ ಮತ್ತೊಂದಿಲ್ಲ. ಒಂದು ದಿನ ದೊಡ್ಡದೊಂದು ನಗರವನ್ನು ನೋಡಿ ಸಂಜೆಗೆ ಹಿಂದಿರುಗೋಣವೆಂದು ಹೊರಟೆವು. ಕಷ್ಟವು ಅಲ್ಲಿ ಆರಂಭವಾಯಿತು. ಮಹಡಿಯ ಮೇಲೆ ಮಹಡಿಯಾಗಿ ಕಟ್ಟಿರುವ ಕಾರು ನಿಲ್ದಾಣಗಳ ಬಾಗಿಲು ಸುಮಾರು ಎರಡು ಮೀಟರು ಎತ್ತರ. ನಮ್ಮ ಗಾಡಿ ಸುಮಾರು ಮೂರು ಮೀಟರು. ಬಯಲು ನಿಲ್ದಾಣಗಳಲ್ಲಿ ಒಂದು ಕಾರಿಗೆ ಗೆರೆ ಎಳೆದು ಕೊಡುವ ಜಾಗವು ಆ ದೇಶದಲ್ಲಿ ಸಾಮಾನ್ಯವಾಗಿ 4.8 ಮೀಟರು ಉದ್ದ, 2.4 ಮೀಟರು ಅಗಲ. ನಮ್ಮ ಗಾಡಿಯ ಉದ್ದವೇ ಏಳು ಮೀಟರು. ಒಂದು ಗಂಟೆಯ ಕಾಲ ಸುತ್ತಿದ ಮೇಲೆ ಒಂದು ಬಯಲು ನಿಲ್ದಾಣದ ಅಂಚಿನಲ್ಲಿ ತೆರಪು ಸಿಕ್ಕಿತು. ಅದರ ಹಿಂದೆ ಕಾಲುದಾರಿ. ಇಂಥ ಗಾಡಿಗಳಲ್ಲಿ ಹಿಂದಿನ ಚಕ್ರದಿಂದಾಚೆಗೆ ಸುಮಾರು ಎರಡು ಮೀಟರಿನಷ್ಟು ಒಡಲು ನೆಲದ ಆಸರೆಯಿಲ್ಲದೆ ಚಾಚಿಕೊಂಡಿರುತ್ತದೆ. ಚಕ್ರವನ್ನು ಅಂಚುಗಲ್ಲಿಗೆ ಮುಟ್ಟಿಸಿ, ಆ ಬಾಲವನ್ನು ಕಾಲುದಾರಿಯ ಮೇಲಕ್ಕೆ ಬಿಟ್ಟರೆ, ಮುಂಭಾಗವು ಹೆಚ್ಚುಕಡಮೆ ಗೆರೆಯೊಳಗೆ ಬರುತ್ತದೆ. ಅಳಿಯನು ಹಾಗೆಯೇ ಮಾಡಿ, ಯಂತ್ರಕ್ಕೆ ದಿನವಿಡೀ ಬೇಕಾದ ಹಣವನ್ನು ಕಟ್ಟಿ, ಚೀಟಿಯನ್ನು ಗಾಜಿಗೆ ಅಂಟಿಸಿದನು.

ನಾವು ಇನ್ನೂ ಬಾಗಿಲು ಹಾಕುತ್ತಿದ್ದೆವು. ಕಾಲುದಾರಿಯಲ್ಲಿ ಒಬ್ಬ ವೃದ್ಧರು ಬಿಳಿಯ ಕೋಲನ್ನು ನೆಲಕ್ಕೆ ತಾಗಿಸುತ್ತ ಬಂದರು. ಅವರಿಗೆ ಕಣ್ಣು ಕಾಣದು. ಕೋಲು ನಮ್ಮ ಗಾಡಿಯ ಅಡಿಯಲ್ಲಿ ನಿರಾತಂಕವಾಗಿ ಹಾದುಹೋಯಿತು. ಏತಕ್ಕೆಂದರೆ ಅಲ್ಲಿ ನೆಲದ ಮೇಲೆ ಏನೂ ಇರಲಿಲ್ಲ. ಅವರ ಭುಜವೂ ಕೆನ್ನೆಯೂ ಗಾಡಿಯ ಗೋಡೆಗೆ ಬಡಿದವು. ಅವರು ಹಿಮ್ಮೆಟ್ಟಿ, ಎದುರಿಗಿರುವುದು ಯಾರೋ ಮನುಷ್ಯರೆಂದು ತಿಳಿದು, ಆ ಗೋಡೆಗೆ "ಕ್ಷಮಿಸಿ" ಎಂದರು. ಆಮೇಲೆ ಕೈಯಿಂದ ತಡವಿಕೊಂಡು, ರಸ್ತೆಯ ಕಡೆಯಿಂದ ಸುತ್ತುಹಾಕಿ ಹೋದರು. ನಾನು ಓಡಿಹೋಗಿ ಕೈಹಿಡಿಯುವಷ್ಟರಲ್ಲಿ ಅವರು ಆ ತೊಡಕನ್ನು ದಾಟಿದ್ದರು. ನನ್ನ ಮುಖವನ್ನು ನೋಡಿ ಅಳಿಯನು, "ಏನು ಮಾಡುವುದು ಮಾವ, ನಾವು ದುಡ್ಡು ಕಟ್ಟಿದ್ದೇವಲ್ಲ!" ಎಂದನು. ಅವನು ನಿಷ್ಕರುಣಿಯಲ್ಲ, ನೊಂದೇ ಹೇಳಿದನು. ಆದರೆ ಆ ಮಾತು ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ಕಾನೂನು ಏನೆನ್ನುತ್ತದೆಂಬುದನ್ನು ಮೊದಲು ನೋಡೋಣ. 1812ರಲ್ಲಿ ಲಂಡನ್ನಿನ ನ್ಯಾಯಾಲಯಕ್ಕೆ ಒಂದು ಮೊಕದ್ದಮೆ ಬಂದಿತ್ತು. ಚೇರಿಂಗ್ ಕ್ರಾಸಿನ ಬಳಿ ಬಾಡಿಗೆಯ ಸಾರೋಟುಗಳು ಪ್ರಯಾಣಿಕರಿಗಾಗಿ ಬೀದಿಯಲ್ಲಿಯೇ ಬಹಳ ಹೊತ್ತು ಕಾದು ನಿಲ್ಲುತ್ತಿದ್ದವು. ನ್ಯಾಯಾಧೀಶರಾದ ಲಾರ್ಡ್ ಎಲೆನ್‌ಬರೋ ಅವರು ಕೊಟ್ಟ ತೀರ್ಪಿನ ತಾತ್ಪರ್ಯವಿದು: ಜನರನ್ನು ಹತ್ತಿಸಿಕೊಳ್ಳುವುದಕ್ಕೂ ಇಳಿಸುವುದಕ್ಕೂ ತಕ್ಕಷ್ಟು ಹೊತ್ತು ನಿಲ್ಲಬಹುದು, ಒಂದು ಪ್ರಯಾಣ ಮುಗಿದು ಇನ್ನೊಂದು ಮೊದಲಾಗುವವರೆಗೆ ಗಾಡಿಯನ್ನು ಸ್ವಂತ ಜಾಗದಲ್ಲಿ ಇಟ್ಟುಕೊಳ್ಳತಕ್ಕದ್ದು, ರಾಜಮಾರ್ಗವನ್ನು ಯಾರೂ ಕುದುರೆಲಾಯದ ಅಂಗಳವಾಗಿ ಮಾಡಿಕೊಳ್ಳಲಾಗದು. ಈ ತೀರ್ಪಿನ ಹಿಂದೆ ಒಂದು ಸೊಗಸಾದ ತತ್ತ್ವವಿದೆ. ಬೀದಿಯಲ್ಲಿ ನಡೆಯುವವನು ತಾನು ಹಿಡಿದ ಜಾಗವನ್ನು ಮರುಕ್ಷಣವೇ ಹಿಂದಿನವನಿಗೆ ಒಪ್ಪಿಸುತ್ತಾನೆ. ಆದಕಾರಣ ಸಾವಿರ ಮಂದಿ ಒಂದೇ ಅಡಿ ನೆಲವನ್ನು ಒಬ್ಬರನ್ನೊಬ್ಬರು ನೋಯಿಸದೆ ಅನುಭವಿಸಬಹುದು. ನಿಂತವನಾದರೋ ಆ ನೆಲವನ್ನು ಅಷ್ಟು ಹೊತ್ತು ತನ್ನದಾಗಿ ಮಾಡಿಕೊಂಡಿದ್ದಾನೆ. ಚಲಿಸುವುದು ಹಂಚಿಕೊಳ್ಳುವುದು, ನಿಲ್ಲುವುದು ವಶಪಡಿಸಿಕೊಳ್ಳುವುದು. ಮನೆಗಾಡಿಯು ನಿಂತಾಗ ವಶಪಡಿಸಿಕೊಳ್ಳುವುದು ಸುಮಾರು ಹದಿನಾರು ಚದರ ಮೀಟರು.

ಮೋಟಾರುಗಳು ಹೆಚ್ಚಿದ ಮೇಲೆ ಈ ಹಳೆಯ ತತ್ತ್ವವನ್ನು ಅಕ್ಷರಶಃ ನಡೆಸುವುದು ಅಸಾಧ್ಯವಾಯಿತು. ನಗರಗಳು ಬೇರೊಂದು ಉಪಾಯವನ್ನು ಹುಡುಕಿದವು. 1935ರ ಜುಲೈಯಲ್ಲಿ ಅಮೆರಿಕದ ಒಕ್ಲಹೋಮ ನಗರದಲ್ಲಿ ಕಾಸು ಹಾಕಿದರೆ ಹೊತ್ತನ್ನು ಅಳೆಯುವ ಕಂಬಯಂತ್ರವನ್ನು ಮೊಟ್ಟಮೊದಲು ನೆಟ್ಟರು. ಗಂಟೆಗೆ ಐದು ಸೆಂಟು. ಲಂಡನ್ನಿಗೆ ಅದು 1958ರಲ್ಲಿ ಬಂತು. ಜಪಾನ್ ದೇಶದವರು ಬೇರೆ ದಾರಿ ಹಿಡಿದರು. ಕಾರನ್ನು ನೋಂದಾಯಿಸುವವನು ಅದನ್ನು ಇಡಲು ಬೀದಿಯ ಹೊರಗೆ ತನಗೆ ಜಾಗವುಂಟೆಂದು ತೋರಿಸಬೇಕೆಂಬ ಕಾಯಿದೆಯನ್ನು 1962ರಲ್ಲಿ ಮಾಡಿದರು. ಲಂಡನ್ ನಗರವು 2003ರಲ್ಲಿ, ನಡುಪೇಟೆಯೊಳಕ್ಕೆ ಮೋಟಾರು ತರುವುದಕ್ಕೇ ದಿನಕ್ಕೆ ಐದು ಪೌಂಡು ಸುಂಕವನ್ನು ವಿಧಿಸಿತು. ಆಮೇಲೆ ಅದು ಬಹಳವಾಗಿ ಏರಿದೆ. ಹೊಗೆಯ ಮಿತಿಗೆ ಒಳಪಡದ ಹಳೆಯ ವಾಹನಗಳ ಮೇಲೆ 2019ರಲ್ಲಿ ಹಾಕಿದ 12.50 ಪೌಂಡಿನ ದಿನಸುಂಕವು 2023ರ ಆಗಸ್ಟ್ 29ರಿಂದ ಇಡೀ ಮಹಾನಗರಕ್ಕೆ ವಿಸ್ತರಿಸಿತು.

ಬೆಲೆ ಕಟ್ಟುವುದನ್ನು ನಾನು ನಿಂದಿಸುವವನಲ್ಲ. ಬಿಟ್ಟಿ ಸಿಕ್ಕುವುದನ್ನು ಮನುಷ್ಯನು ಲಕ್ಷ್ಯವಿಲ್ಲದೆ ಬಳಸುತ್ತಾನೆ. ಬೆಲೆಯಿದ್ದರೆ, "ನನಗೆ ಇದು ನಿಜವಾಗಿ ಬೇಕೆ?" ಎಂದು ಒಮ್ಮೆಯಾದರೂ ಕೇಳಿಕೊಳ್ಳುತ್ತಾನೆ. ಆದರೆ ಬೆಲೆಗೆ ಎರಡು ದೋಷಗಳಿವೆ. ಒಂದನೆಯದು, ಅದು ಐಶ್ವರ್ಯವಂತನಿಗೆ ಹಗುರ, ಬಡವನಿಗೆ ಭಾರ. ಎರಡನೆಯದು ಇನ್ನೂ ಸೂಕ್ಷ್ಮವಾದದ್ದು. ಹಣ ಕೊಟ್ಟವನ ಮನಸ್ಸಿನಿಂದ ಸಂಕೋಚವು ತೊಲಗಿಬಿಡುತ್ತದೆ. ಬಿಟ್ಟಿ ನಿಂತವನು ಯಾರಿಗಾದರೂ ಅಡ್ಡಿಯಾದೀತೆ ಎಂದು ಹಿಂದೆ ಮುಂದೆ ನೋಡುತ್ತಾನೆ. ಚೀಟಿ ಅಂಟಿಸಿದವನು ನೋಡುವುದಿಲ್ಲ. ಅಂದು ನಾವು ಹಣ ಕೊಟ್ಟದ್ದು ಪುರಸಭೆಗೆ. ನೋವು ತಿಂದವರು ಆ ವೃದ್ಧರು. ಸಾಲ ಒಬ್ಬರದು, ತೀರಿಸಿದ್ದು ಇನ್ನೊಬ್ಬರಿಗೆ! ಅಷ್ಟೇ ಅಲ್ಲ, ಪುರಸಭೆ ನಮಗೆ ಮಾರಿದ್ದು ಗೆರೆಯೊಳಗಿನ ನೆಲವನ್ನು, ಕಾಲುದಾರಿಯ ಮೇಲಿನ ಆಕಾಶವನ್ನು ಯಾರೂ ನಮಗೆ ಮಾರಿರಲಿಲ್ಲ.

ಇಲ್ಲಿ ಒಂದು ಆಕ್ಷೇಪಣೆಯನ್ನು ಎತ್ತಬಹುದು. ಪ್ರವಾಸಿಯೂ ಮನುಷ್ಯನೇ. ಅವನು ನಗರಕ್ಕೆ ವ್ಯಾಪಾರವನ್ನು ತರುತ್ತಾನೆ, ಅದರ ಚಿತ್ರಶಾಲೆಗಳನ್ನೂ ದೇವಾಲಯಗಳನ್ನೂ ಗೌರವದಿಂದ ನೋಡುತ್ತಾನೆ. ಬಾಗಿಲಲ್ಲಿಯೇ ಅವನನ್ನು ತಡೆಯುವುದು ಆತಿಥ್ಯವೆ? ಈ ಮಾತಿನಲ್ಲಿ ಸತ್ಯವಿದೆ. ಆದರೆ ಅತಿಥಿಗೂ ಧರ್ಮವುಂಟೆಂಬುದನ್ನು ಮರೆಯಲಾಗದು. ಅತಿಥಿಯು ಮನೆಯೊಳಕ್ಕೆ ಬರಬಹುದು. ತನ್ನ ಮನೆಯನ್ನೂ ಹೊತ್ತುಕೊಂಡು ನಡುಮನೆಗೆ ಬಂದರೆ ಆತಿಥೇಯನು ಎಲ್ಲಿ ಕೂಡಬೇಕು? ನಗರವನ್ನು ನೋಡಲು ಬೇಕಾದವು ನಮ್ಮ ಕಣ್ಣು, ನಮ್ಮ ಕಾಲು. ಒಲೆ ಮಂಚಗಳು ಆ ಹಗಲಿನ ಮಟ್ಟಿಗೆ ಬೇಕಿಲ್ಲ. ಬೇಕಿಲ್ಲದ್ದನ್ನು ಬಿಟ್ಟು ಬರಲಾರದಷ್ಟು ನಾವು ಅದಕ್ಕೆ ಅಂಟಿಕೊಂಡಿದ್ದರೆ, ಗಾಡಿಗೆ ನಾವು ಒಡೆಯರೋ, ನಮಗೆ ಗಾಡಿಯು ಒಡೆಯನೋ?

ಇನ್ನೊಂದು ಆಕ್ಷೇಪಣೆ ಇದಕ್ಕಿಂತಲೂ ಗುರುತರವಾದದ್ದು. ಎಲ್ಲ ಮನೆಗಾಡಿಗಳೂ ವಿಹಾರಕ್ಕಾಗಿ ಇರತಕ್ಕವಲ್ಲ. ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಮನೆಬಾಡಿಗೆಯನ್ನು ತೆರಲಾರದೆ ಗಾಡಿಗಳಲ್ಲಿಯೇ ಬಾಳುವವರು ಅನೇಕರಿದ್ದಾರೆ. ಸಂತೋಷಕ್ಕಾಗಿ ಸಂಚರಿಸುವ ಮನೆಗಾಡಿಗಳಲ್ಲಿ ಮೊದಲನೆಯದೆಂದು ಖ್ಯಾತಿವೆತ್ತ 'ವಾಂಡರರ್' ತಯಾರಾದದ್ದೂ ಬ್ರಿಸ್ಟಲ್ಲಿನ ಗಾಡಿ ಕಾರ್ಖಾನೆಯಲ್ಲಿಯೇ, 1885ರಲ್ಲಿ. ಒಂದು ಶತಮಾನದ ಹಿಂದೆ ಯಾವುದು ಸಿರಿವಂತಿಕೆಯ ವಿನೋದವಾಗಿತ್ತೋ ಅದು ಇಂದು ಅದೇ ಊರಿನಲ್ಲಿ ಬಡತನದ ಆಸರೆಯೂ ಆಗಿದೆ. ಹೊರಗಿನಿಂದ ನೋಡಿದರೆ ಎರಡು ಗಾಡಿಗಳೂ ಒಂದೇ. ಎರಡೂ ಅಷ್ಟೇ ಜಾಗವನ್ನು ಹಿಡಿಯುತ್ತವೆ. ಆದರೆ ಧರ್ಮದ ತಕ್ಕಡಿಯಲ್ಲಿ ಅವು ಸಮವಲ್ಲ. ವಿಹಾರಕ್ಕೆ ಬಂದವನಿಗೆ "ಹೊರಗೆ ನಿಲ್ಲಿಸು" ಎಂದರೆ ಒಂದು ಹಗಲಿನ ಅನುಕೂಲ ತಪ್ಪುತ್ತದೆ. ಬೇರೆ ಮನೆಯಿಲ್ಲದವನಿಗೆ ಹಾಗೆಂದರೆ ಅವನಿಗೆ ನಿಲ್ಲಲು ನೆಲವೇ ತಪ್ಪುತ್ತದೆ. ಕಾಲಿಲ್ಲದವರನ್ನೂ ರೋಗಿಗಳನ್ನೂ ಕರೆತಂದ ಗಾಡಿಯ ವಿಚಾರವೂ ಹೀಗೆಯೇ. ಆದಕಾರಣ ನಿಯಮವು ವಾಹನದ ಉದ್ದವನ್ನು ಮಾತ್ರ ಅಳೆದರೆ ಸಾಲದು, ಅವಶ್ಯಕತೆಯನ್ನೂ ಅಳೆಯಬೇಕು. ಮತ್ತು ನಮ್ಮಂಥ ವಿಹಾರಿಗಳು ಅಡ್ಡಾದಿಡ್ಡಿಯಾಗಿ ನಿಲ್ಲಿಸಿದಷ್ಟೂ ನಗರಗಳು ಕಠಿಣವಾದ ನಿಷೇಧಗಳನ್ನು ತರುತ್ತವೆ. ಅವುಗಳ ಪೆಟ್ಟು ಬೀಳುವುದು ನಮಗಲ್ಲ, ಬೇರೆ ದಿಕ್ಕಿಲ್ಲದವರಿಗೆ. ನಮ್ಮ ಸಣ್ಣ ಅವಿವೇಕದ ಬೆಲೆಯನ್ನು ಅವರು ತೆರುತ್ತಾರೆ.

ಹಾಗಾದರೆ ಮಾಡತಕ್ಕದ್ದೇನು? ಉತ್ತರವು ಆಶ್ಚರ್ಯಪಡುವಷ್ಟು ಸುಲಭವಾಗಿದೆ. ಆಕ್ಸ್‌ಫರ್ಡ್ ನಗರದವರು 1973ರಲ್ಲಿಯೇ ಊರ ಹೊರಗೆ ಗಾಡಿಗಳಿಗೆ ಬಯಲು ಬಿಟ್ಟು, ಅಲ್ಲಿಂದ ಒಳಕ್ಕೆ ಬಸ್ಸುಗಳನ್ನು ಓಡಿಸುವ ಏರ್ಪಾಡನ್ನು ಮಾಡಿದರು. ಇದನ್ನು ಆ ಬಳಿಕ ಎಷ್ಟೋ ನಗರಗಳು ಅನುಸರಿಸಿದವು. ಇಂಥ ಕೆಲವು ಬಯಲುಗಳಲ್ಲಿಯೂ ಎತ್ತರದ ಗಾಡಿಗಳನ್ನು ತಡೆಯುವ ಅಡ್ಡಕಂಬಗಳಿರುವುದರಿಂದ ಮುಂಚಿತವಾಗಿ ವಿಚಾರಿಸಿಕೊಂಡು ಹೊರಡಬೇಕು. ಆ ವಿಚಾರಣೆಯೇ ಪರರ ಮೇಲಿನ ಲಕ್ಷ್ಯದ ಮೊದಲ ಹೆಜ್ಜೆ. ಲಂಡನ್ನಿನ ಆಗ್ನೇಯದಲ್ಲಿ ಅಬ್ಬೀ ವುಡ್ ಎಂಬಲ್ಲಿ ಮನೆಗಾಡಿಗಳಿಗಾಗಿಯೇ ಒಂದು ತಂಗುದಾಣವಿದೆ. ಸಮೀಪದಲ್ಲಿಯೇ ರೈಲು ನಿಲ್ದಾಣ. 2022ರ ಮೇ ತಿಂಗಳಿನಲ್ಲಿ ಆರಂಭವಾದ ಎಲಿಜಬೆತ್ ಮಾರ್ಗದ ರೈಲು ಅಲ್ಲಿಂದ ಅರ್ಧ ಗಂಟೆಯೊಳಗೆ ನಗರದ ನಡುವಿಗೆ ಮುಟ್ಟಿಸುತ್ತದೆ. ಮುಂದಿನ ವಾರ ನಾವು ಲಂಡನ್ನನ್ನು ನೋಡಿದ್ದು ಈ ರೀತಿಯಲ್ಲಿ. ಸುತ್ತಾಟವಿಲ್ಲ, ಹುಡುಕಾಟವಿಲ್ಲ, ಗಾಡಿಗೆ ಏನಾಯಿತೋ ಎಂಬ ಚಿಂತೆಯಿಲ್ಲ. ಆ ದಿನ ನಗರವು ನಮಗೆ ಮೊದಲಿಗಿಂತ ಹೆಚ್ಚಾಗಿ ದೊರೆಯಿತು. ಜಾಗವನ್ನು ಬಿಟ್ಟುಕೊಟ್ಟದ್ದರಿಂದ ನಾವು ಕಳೆದುಕೊಂಡದ್ದು ಏನೂ ಇಲ್ಲ.

ಹಿಂದೆ ಹೇಳಿದ 'ವಾಂಡರರ್' ಗಾಡಿಯ ಒಡೆಯರು ಗಾರ್ಡನ್ ಸ್ಟೇಬಲ್ಸ್ ಎಂಬ ನೌಕಾಪಡೆಯ ವೈದ್ಯರು. ಎರಡು ಕುದುರೆಗಳನ್ನು ಹೂಡಿದ ಆ ಗಾಡಿಯಲ್ಲಿ ಅವರು ಇಂಗ್ಲೆಂಡಿನ ದಕ್ಷಿಣದಿಂದ ಸ್ಕಾಟ್ಲೆಂಡಿನ ಇನ್ವರ್ನೆಸ್ಸಿನವರೆಗೆ ಹೋದರು. ಪ್ರಯಾಣದಲ್ಲಿ ಅವರ ಸೇವಕನು ಮೂರು ಚಕ್ರದ ಸೈಕಲ್ಲನ್ನೇರಿ ಮುಂದೆ ಮುಂದೆ ಹೋಗುತ್ತ, ಹಿಂದೆ ದೊಡ್ಡ ಗಾಡಿ ಬರುತ್ತಿದೆಯೆಂದು ದಾರಿಯವರಿಗೆ ತಿಳಿಸುತ್ತಿದ್ದನಂತೆ. ಓದಿದವರಿಗೆ ಇದು ನಗೆಯ ವಿಷಯವಾಗಿ ತೋರಬಹುದು. ನನಗೆ ಹಾಗೆ ತೋರುವುದಿಲ್ಲ. ತನ್ನ ಗಾತ್ರವು ಇತರರಿಗೆ ತೊಂದರೆಯಾದೀತೆಂದು ಬಲ್ಲವನು ಅದನ್ನು ಮುಂದಾಗಿ ಹೇಳಿಕಳುಹಿಸಿದನು. ಅಂಥ ಸೇವಕನನ್ನು ಇಟ್ಟುಕೊಳ್ಳುವುದು ಈಗ ನಮ್ಮಿಂದಾಗದು. ಆದರೆ ಅವನ ಕೆಲಸವನ್ನು ನಮ್ಮ ಮನಸ್ಸು ಮಾಡಬಹುದು. ಗಾಡಿಗಿಂತ ಮೊದಲು ಅದು ಆ ಬೀದಿಗೆ ಹೋಗಿ, ಅಲ್ಲಿ ನಡೆಯುವವರು ಯಾರು, ಕಾಣದವರು ಯಾರು ಎಂದು ನೋಡಿಕೊಂಡು ಬರಲಿ. ಅಂದು ನಮ್ಮ ಮನಸ್ಸು ಆ ಕೆಲಸವನ್ನು ಮಾಡಿದ್ದರೆ, ಕ್ಷಮೆಯನ್ನು ಬೇಡತಕ್ಕ ನಾವು ಸುಮ್ಮನೆ ನಿಂತು, ಆ ವೃದ್ಧರ ಬಾಯಿಂದ ಅದನ್ನು ಕೇಳಬೇಕಾಗುತ್ತಿರಲಿಲ್ಲ.